ಪೆಟ್ಟು ತಿನ್ನಲೆಂದೇ ಹುಟ್ಟಿದ ಬಟ್ಟೆ: ಕೇಬಲ್, ಕೊಳವೆಗಳ ಹೊದಿಕೆಯ ಕಥೆ

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಬಟ್ಟೆಯ ಇತಿಹಾಸ. ಸೀರೆ, ಪಂಚೆ, ಕಂಬಳಿ ಅಂತ ಅಂದ್ಕೋಬೇಡಿ. ಇದನ್ನು ಉಡೋದು ಮನುಷ್ಯರಲ್ಲ, ತಂತಿಗಳು ಮತ್ತು ಕೊಳವೆಗಳು.

ರಸ್ತೆ ಬದಿ ಮಣ್ಣು ಅಗೆಯೋ ಜೆಸಿಬಿ ಯಂತ್ರವನ್ನು ನೀವೆಲ್ಲ ನೋಡಿರ್ತೀರಿ. ಅದರ ಉದ್ದನೆಯ ಕೈ ಮೇಲೆ ದಪ್ಪ ರಬ್ಬರ್ ಕೊಳವೆಗಳು ಓಡಾಡಿರುತ್ತವೆ. ಹತ್ತಿರ ಹೋಗಿ ನೋಡಿದರೆ ಇಂಥ ಕೊಳವೆಗಳಲ್ಲಿ ಕೆಲವಕ್ಕೆ ಕಪ್ಪು ನೈಲಾನ್ ಬಟ್ಟೆ ತೊಡಿಸಿರೋದು ಕಾಣುತ್ತೆ, ಥೇಟ್ ಅಂಗಿಯ ತೋಳಿನ ಹಾಗೆ. ಕಲ್ಲು ಬಡಿದರೆ, ಕಬ್ಬಿಣಕ್ಕೆ ಉಜ್ಜಿದರೆ ಮೊದಲ ಏಟು ಈ ಬಟ್ಟೆಗೆ. ಕಲ್ಲು, ಕಬ್ಬಿಣಗಳ ನಡುವೆ ಕೆಲಸ ಮಾಡೋ ಯಂತ್ರಕ್ಕೆ ರಕ್ಷಣೆ ಕೊಡೋಕೆ ಬಟ್ಟೆ ಯಾಕೆ ಬೇಕು? ಇನ್ನೂ ಗಟ್ಟಿ ಕಬ್ಬಿಣವನ್ನೇ ಸುತ್ತಬಹುದಿತ್ತಲ್ವಾ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ಮುನ್ನೂರೈವತ್ತು ವರ್ಷ ಹಿಂದಕ್ಕೆ ಹೋಗ್ತೀವಿ. ಜೊತೆಗೆ ಇನ್ನೊಂದು ಸಂಗತಿಯೂ ಗೊತ್ತಾಗುತ್ತೆ: ಈ ಹೊದಿಕೆಯ ಚರಿತ್ರೆಯಲ್ಲಿ ಹೆಚ್ಚಿನ ಪುಟಗಳನ್ನು ಬರೆದಿರೋದು ಅವಘಡಗಳೇ.

ಮೊದಲು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗೋಣ. ಅಲ್ಲಿ ಯಾನ್ ವಾನ್ ಡರ್ ಹೈಡೆನ್ ಅನ್ನೋ ಚಿತ್ರಕಾರ ಇದ್ದ. ನಗರದ ಬೀದಿಗಳನ್ನು ಒಂದೊಂದು ಇಟ್ಟಿಗೆ ಕಾಣುವಂತೆ ಬಿಡಿಸುತ್ತಿದ್ದವನು. ಹುಡುಗನಾಗಿದ್ದಾಗ, 1652ರಲ್ಲಿ, ಊರಿನ ಹಳೆಯ ಪುರಭವನ ಹೊತ್ತಿ ಉರಿದದ್ದನ್ನು ಕಂಡಿದ್ದ. ಆಗ ಬೆಂಕಿ ಆರಿಸೋದು ಅಂದ್ರೆ ಸಾಲಾಗಿ ನಿಂತು ಬಕೆಟ್ ದಾಟಿಸೋದು. ಪಂಪುಗಳಿದ್ದವು, ಆದರೆ ನೀರು ಚಿಮ್ಮುವ ನಳಿಗೆ ಪಂಪಿಗೇ ಅಂಟಿಕೊಂಡಿರುತ್ತಿತ್ತು. ಬೆಂಕಿ ಇರೋ ಕೋಣೆಯ ಒಳಗೆ ನೀರು ಒಯ್ಯೋಕೆ ದಾರಿ ಇರಲಿಲ್ಲ. 1670ರ ದಶಕದ ಆರಂಭದಲ್ಲಿ ಈ ಚಿತ್ರಕಾರ ತನ್ನ ಸಹೋದರನ ಜೊತೆ ಸೇರಿ ಚರ್ಮವನ್ನು ಉದ್ದಕ್ಕೆ ಹೊಲಿದು ಬಾಗುವ ಕೊಳವೆ ಮಾಡಿದ. ಅಗ್ನಿಶಾಮಕ ಹೋಸ್ ಅಂತ ನಾವು ಕರೆಯೋದರ ಮೂಲಪುರುಷ ಅದೇ.

ಕೊಳವೆಯೇನೋ ಬಂತು, ಅದರ ಬೆನ್ನಿಗೇ ತೊಂದರೆಯೂ ಬಂತು. ಒತ್ತಡ ಹೆಚ್ಚಾದರೆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಚರ್ಮಕ್ಕೆ ಎಣ್ಣೆ ಹಚ್ಚದಿದ್ದರೆ ಒಣಗಿ ಸೀಳುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೊಲಿಗೆ ಬಿಟ್ಟು ಲೋಹದ ರಿವೆಟ್ ಹೊಡೆದರು. ಹೋಸ್ ಗಟ್ಟಿಯಾಯಿತು, ಭಾರವೂ ಆಯಿತು.

ಇದಕ್ಕೆ ಪರಿಹಾರ ತಂದವರು ನೇಕಾರರು. ಅಗಸೆ ನಾರನ್ನು ಹೊಲಿಗೆಯೇ ಇಲ್ಲದ ಉದ್ದ ಚೀಲದ ಹಾಗೆ ದುಂಡಗೆ ನೇಯ್ದರು. ಅಗಸೆ ನಾರು ನೀರು ಕುಡಿದರೆ ಉಬ್ಬುತ್ತೆ. ಶುರುವಿನಲ್ಲಿ ಸ್ವಲ್ಪ ಸೋರಿದರೂ, ನಾರು ಉಬ್ಬಿ ನೇಯ್ಗೆಯ ಸಂದುಗಳೆಲ್ಲ ತಾವಾಗೇ ಮುಚ್ಚಿಕೊಳ್ಳುತ್ತವೆ. ಆಮೇಲೆ ಒಳಗೆ ರಬ್ಬರ್, ಹೊರಗೆ ಹತ್ತಿ ಬಟ್ಟೆ ಎಂಬ ಜೋಡಿ ಬಂತು. ಟೈರ್‌ಗಳಿಂದ ಹೆಸರಾದ ಬಿ.ಎಫ್. ಗುಡ್‌ರಿಚ್ ಕಂಪನಿ 1870ರ ಹೊತ್ತಿಗೆ ಏಕ್ರನ್ ಊರಲ್ಲಿ ಶುರುವಾದಾಗ ಮೊದಮೊದಲು ಮಾಡಿದ್ದು ಟೈರ್ ಅಲ್ಲ, ಇಂಥ ಅಗ್ನಿಶಾಮಕ ಹೋಸ್.

ಇಲ್ಲಿ ಕೆಲಸದ ಹಂಚಿಕೆ ಗಮನಿಸಿ. ನೀರು ಸೋರದಂತೆ ತಡೆಯೋದು ರಬ್ಬರ್. ಒತ್ತಡಕ್ಕೆ ಒಡೆಯದಂತೆ ಹಿಡಿಯೋದು, ಬೀದಿಯ ಕಲ್ಲಿಗೆ, ಗಾಜಿನ ಚೂರಿಗೆ ಮೈಯೊಡ್ಡೋದು ಬಟ್ಟೆ. ಇವತ್ತಿನ ಅಗ್ನಿಶಾಮಕ ಹೋಸಿನಲ್ಲೂ ಇದೇ ಹಂಚಿಕೆ. ಕೆಲವಕ್ಕೆ ಎರಡು ಪದರದ ಬಟ್ಟೆ, ಹೊರಗಿನದು ಸವೆದರೂ ಒಳಗಿನದು ಇರಲಿ ಅಂತ.

ಈಗ ಸಮುದ್ರಕ್ಕೆ ಇಳಿಯೋಣ. ಕೊಳವೆಗೆ ಬಟ್ಟೆ ಬಂದ ಅದೇ ಶತಮಾನದಲ್ಲಿ ತಂತಿಗೂ ಬಟ್ಟೆ ಬಂತು.

1850ರ ಆಗಸ್ಟ್ 28. ಬ್ರೆಟ್ ಸಹೋದರರು ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸ್ ತೀರಕ್ಕೆ ಸಮುದ್ರದಡಿ ಟೆಲಿಗ್ರಾಫ್ ತಂತಿ ಹಾಕಿದರು. ತಾಮ್ರದ ತಂತಿ, ಅದರ ಸುತ್ತ ಗಟ್ಟಾಪರ್ಚಾ. ಇದು ಮಲಯಾ ಕಡೆಯ ಮರದ ಹಾಲಿನಿಂದ ಬರೋ, ರಬ್ಬರನ್ನು ಹೋಲುವ ವಸ್ತು. ವಿದ್ಯುತ್ತನ್ನು ಚೆನ್ನಾಗಿ ತಡೆಯುತ್ತೆ, ಆದರೆ ಮೆದು. ಹೊರಗೆ ಬೇರೆ ರಕ್ಷಣೆಯೇ ಇರಲಿಲ್ಲ. ಆ ಸಂಜೆ ಅಸ್ಪಷ್ಟವಾಗಿ ಒಂದಷ್ಟು ಅಕ್ಷರ ದಾಟಿದವು. ಮಾರನೆಯ ಹೊತ್ತಿಗೆ ತಂತಿ ಸತ್ತಿತ್ತು. ಮೀನುಗಾರನೊಬ್ಬನ ಬಲೆಗೆ ಸಿಕ್ಕಿತು, ಇದೇನೋ ವಿಚಿತ್ರ ಕಡಲಪಾಚಿ ಅಂತ ಆತ ತುಂಡು ಕತ್ತರಿಸಿಕೊಂಡ ಅನ್ನೋ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

ಮರುವರ್ಷ, 1851ರಲ್ಲಿ, ಅದೇ ಕಡಲಿಗೆ ಇನ್ನೊಂದು ಕೇಬಲ್. ಈ ಸಲ ನಾಲ್ಕು ತಾಮ್ರದ ತಂತಿಗಳು, ಪ್ರತಿಯೊಂದಕ್ಕೂ ಗಟ್ಟಾಪರ್ಚಾ. ನಾಲ್ಕನ್ನೂ ಸೇರಿಸಿ ಡಾಂಬರು ಹೀರಿಸಿದ ಸೆಣಬಿನ ನೂಲು ಸುತ್ತಿದರು. ಅದರ ಮೇಲೆ ಹತ್ತು ದಪ್ಪ ಕಬ್ಬಿಣದ ತಂತಿಗಳ ಕವಚ. ಈ ಕೇಬಲ್ ವರ್ಷಗಟ್ಟಲೆ ಬಾಳಿತು.

ಹಾಗಾದರೆ ಕಾಪಾಡಿದ್ದು ಕಬ್ಬಿಣ ತಾನೇ ಅಂತ ನೀವು ಕೇಳಬಹುದು. ನಾನೂ ಈ ಕಥೆಯನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹದಿನಾಲ್ಕು ವರ್ಷ ಆದಮೇಲೆ ಅಟ್ಲಾಂಟಿಕ್ ಸಾಗರದಲ್ಲಿ ಏನಾಯ್ತು ಅಂತ ನೋಡಿ.

1865ರ ಜುಲೈನಲ್ಲಿ ಆ ಕಾಲದ ಅತಿ ದೊಡ್ಡ ಹಡಗು ಗ್ರೇಟ್ ಈಸ್ಟರ್ನ್, ಐರ್ಲೆಂಡಿನಿಂದ ಅಮೆರಿಕದ ಕಡೆಗೆ ಕೇಬಲ್ ಬಿಚ್ಚುತ್ತಾ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಸಂಕೇತ ಕೆಟ್ಟಿತು. ಕೇಬಲ್ ವಾಪಸ್ ಎಳೆದು ನೋಡಿದರೆ ಗಟ್ಟಾಪರ್ಚಾದೊಳಗೆ ಕಬ್ಬಿಣದ ಚಿಕ್ಕ ತುಂಡು ಚುಚ್ಚಿಕೊಂಡಿತ್ತು. ಸರಿಮಾಡಿ ಮುಂದೆ ಹೋದರು. ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ. ಯಾರೋ ಬೇಕೆಂದೇ ಮೊಳೆ ಹೊಡೆಯುತ್ತಿದ್ದಾರೆ ಅಂತ ಹಡಗಿನಲ್ಲಿ ಗುಮಾನಿ ಎದ್ದಿತು. ಕೇಬಲ್ ಸುತ್ತಿಟ್ಟ ತೊಟ್ಟಿಗೆ ಕಾವಲು ಹಾಕಿದರು. ಕೊನೆಗೆ ಗೊತ್ತಾಯಿತು, ಅಪರಾಧಿ ಮನುಷ್ಯ ಅಲ್ಲ. ಕೇಬಲ್ಲಿನ ಕವಚದ ತಂತಿಯೇ ಅಲ್ಲಲ್ಲಿ ಪೆಡಸಾಗಿ ಮುರಿದು, ಮೇಲಿನ ಸುತ್ತುಗಳ ಭಾರಕ್ಕೆ ಒಳಗೆ ನುಗ್ಗುತ್ತಿತ್ತು. ಕಾಯಬೇಕಾದದ್ದೇ ಇರಿಯುತ್ತಿತ್ತು. ಬೇಲಿಯೇ ಹೊಲ ಮೇಯೋದು ಅಂತೀವಲ್ಲ, ಹಾಗೆ. ಆಗಸ್ಟ್ 2ರಂದು ಮೂರನೇ ದೋಷ ಸರಿಪಡಿಸೋಕೆ ಹೋಗಿ ಕೇಬಲ್ ತುಂಡಾಗಿ ಸಾಗರದ ತಳ ಸೇರಿತು. 1866ರಲ್ಲಿ ಹೊಸ ಕೇಬಲ್ ದಡ ಮುಟ್ಟಿತು. ಕಳೆದುಹೋಗಿದ್ದ ಹಳೆಯದನ್ನೂ ಕೊಕ್ಕೆ ಹಾಕಿ ಎತ್ತಿ ಜೋಡಿಸಿದರು.

ಕಬ್ಬಿಣ ಯಾಕೆ ಸಾಲದು ಅನ್ನೋದಕ್ಕೆ ಉತ್ತರ ಇಲ್ಲಿದೆ. ಗಟ್ಟಿ ವಸ್ತು ಪೆಟ್ಟನ್ನು ತಡೆಯುತ್ತೆ, ಆದರೆ ತಾನು ಬಾಗಿದಾಗ, ಮುರಿದಾಗ ಒಳಗಿನ ಮೆದು ವಸ್ತುವಿಗೆ ತಾನೇ ಶತ್ರು. ಅದಕ್ಕೇ ಆ ಕಾಲದ ಕೇಬಲ್‌ಗಳಲ್ಲಿ ಗಟ್ಟಾಪರ್ಚಾಕ್ಕೂ ಕಬ್ಬಿಣಕ್ಕೂ ನಡುವೆ ನಾರಿನ ಹಾಸಿಗೆ ಇರಲೇಬೇಕಿತ್ತು. 1865ರ ಕೇಬಲ್ಲಿನಲ್ಲಿ ಉಕ್ಕಿನ ಒಂದೊಂದು ತಂತಿಗೂ ಬೇರೆ ಬೇರೆಯಾಗಿ ಮನಿಲಾ ನಾರು ಸುತ್ತಿದ್ದರು. ಅಷ್ಟಿದ್ದೂ ತಂತಿ ಚುಚ್ಚಿತು ಅಂದ್ರೆ, ಆ ಹಾಸಿಗೆಯೇ ಇಲ್ಲದಿದ್ದರೆ ಏನಾಗ್ತಿತ್ತು ಯೋಚಿಸಿ.

ಬಟ್ಟೆಯ ಗುಣ ಬೇರೆ. ನೇಯ್ಗೆಯ ಒಂದು ಜಾಗಕ್ಕೆ ಏಟು ಬಿದ್ದರೆ ಅಲ್ಲಿನ ಎಳೆ ಒಂಟಿಯಾಗಿ ಅದನ್ನು ಹೊರೋದಿಲ್ಲ. ಅಡ್ಡ ಎಳೆ, ಉದ್ದ ಎಳೆ, ಪಕ್ಕದ ಎಳೆ ಎಲ್ಲಕ್ಕೂ ಭಾರ ಹಂಚಿಹೋಗುತ್ತೆ. ಎಳೆ ಸ್ವಲ್ಪ ಹಿಗ್ಗುತ್ತೆ, ಸ್ವಲ್ಪ ಜಾರುತ್ತೆ, ಏಟಿನ ಬಲ ಅದರಲ್ಲೇ ಕರಗುತ್ತೆ. ಒಂದೆರಡು ಎಳೆ ಹರಿದರೂ ಉಳಿದವು ಹಿಡಿದಿರುತ್ತವೆ. ಕೇಬಲ್ ಎತ್ತ ಬಾಗಿದರೂ ಜೊತೆಗೆ ಬಾಗುತ್ತೆ.

ಹಾಗಂತ ಬಟ್ಟೆಗೆ ದೌರ್ಬಲ್ಯ ಇಲ್ಲ ಅಂತಲ್ಲ. ಇದೇ ಗ್ರೇಟ್ ಈಸ್ಟರ್ನ್ ಹಡಗು 1870ರಲ್ಲಿ ಮುಂಬೈಯಿಂದ ಏಡನ್‌ವರೆಗೆ ಕೇಬಲ್ ಹಾಕಿತು, ಭಾರತ ಸಮುದ್ರದಡಿಯಿಂದ ಲಂಡನ್ನಿಗೆ ಜೋಡಣೆ ಆಯಿತು. ಆದರೆ ಬಿಸಿನೀರಿನ ಕಡಲುಗಳಲ್ಲಿ ಮರ ಕೊರೆಯುವ ಹುಳುಗಳಿವೆ. ಅವು ಕಬ್ಬಿಣದ ತಂತಿಗಳ ಸಂದಿನಲ್ಲಿ ನುಸುಳಿ, ನಾರು ದಾಟಿ, ಗಟ್ಟಾಪರ್ಚಾಕ್ಕೇ ಬಾಯಿ ಹಾಕುತ್ತಿದ್ದವು. ಆಮೇಲೆ ಇಂಥ ಕಡಲುಗಳ ಕೇಬಲ್ಲಿಗೆ ತೆಳು ಹಿತ್ತಾಳೆಯ ಪಟ್ಟಿ ಸುತ್ತೋದು ರೂಢಿಯಾಯಿತು.

ಇನ್ನೊಂದು ದೌರ್ಬಲ್ಯ ಬೆಂಕಿ. ಹತ್ತಿ, ಸೆಣಬು ಎಲ್ಲ ಸುಟ್ಟುಹೋಗುತ್ತವೆ. ಬಿಸಿ ಕೊಳವೆಗೆ, ಬಿಸಿಯ ಹತ್ತಿರದ ತಂತಿಗೆ ಸುಡದ ಬಟ್ಟೆ ಬೇಕಾಯಿತು. ಸಿಕ್ಕಿದ್ದು ಆಸ್‌ಬೆಸ್ಟಾಸ್. ಕಲ್ಲಿನಿಂದ ತೆಗೆದ ನಾರು, ನೂಲಬಹುದು, ನೇಯಬಹುದು, ಬೆಂಕಿಗೆ ಜಗ್ಗೋದಿಲ್ಲ. ಪವಾಡ ಅಂದರು. ಆ ಪವಾಡದ ಬೆಲೆ ಕೊಟ್ಟವರಲ್ಲಿ ಒಬ್ಬಳ ಹೆಸರು ನೆಲ್ಲಿ ಕರ್ಷಾ. ಇಂಗ್ಲೆಂಡಿನ ರಾಚ್‌ಡೇಲ್ ಊರಲ್ಲಿ ಆಸ್‌ಬೆಸ್ಟಾಸ್ ನೂಲುವ ಕೆಲಸ. ಧೂಳು ಉಸಿರಾಡಿ ಉಸಿರಾಡಿ ಶ್ವಾಸಕೋಶ ಕೆಟ್ಟಿತು, 1924ರಲ್ಲಿ ತೀರಿಕೊಂಡಳು. ವಯಸ್ಸು 33. ಕಂಪನಿ ಹೊಣೆ ಒಪ್ಪಲಿಲ್ಲ, ಪರಿಹಾರ ಕೊಡಲಿಲ್ಲ. ಆಕೆಯ ಶ್ವಾಸಕೋಶ ಪರೀಕ್ಷಿಸಿದ ಡಾಕ್ಟರ್ ವಿಲಿಯಂ ಕುಕ್ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಬ್ರಿಟನ್ನಿನಲ್ಲಿ ಧೂಳು ನಿಯಂತ್ರಣದ ನಿಯಮ ಬಂದದ್ದು 1931ರಲ್ಲಿ. ಕೊಳವೆಯನ್ನು ಕಾಪಾಡಿದ ಬಟ್ಟೆ, ಅದನ್ನು ನೂತವರನ್ನು ಕಾಪಾಡಲಿಲ್ಲ. ಹೊದಿಕೆಯ ಇತಿಹಾಸ ಹೇಳುವಾಗ ಈ ಹೆಸರನ್ನು ಬಿಟ್ಟು ಮುಂದೆ ಹೋಗೋದು ನ್ಯಾಯ ಅಲ್ಲ ಅಂತ ನನಗನ್ನಿಸುತ್ತೆ. ಬಿಸಿ ತಡೆಯೋ ಕೆಲಸಕ್ಕೆ ಇವತ್ತು ಹೆಚ್ಚಾಗಿ ಗಾಜಿನ ನಾರಿನ ತೋಳುಗಳನ್ನು ಬಳಸುತ್ತಾರೆ.

20ನೇ ಶತಮಾನ ನಾರನ್ನೇ ಬದಲಾಯಿಸಿತು. 1930ರ ದಶಕದಲ್ಲಿ ಡುಪಾಂಟ್ ಕಂಪನಿಯಲ್ಲಿ ನೈಲಾನ್ ಹುಟ್ಟಿತು. ಉಜ್ಜಾಟ ತಾಳೋದರಲ್ಲಿ ಗಟ್ಟಿಗ. 1965ರಲ್ಲಿ ಅದೇ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಒಂದು ದ್ರಾವಣ ತಯಾರಿಸಿದರು. ನೋಡೋಕೆ ಕದಡಿದ ನೀರಿನ ಹಾಗೆ. ನೂಲುವ ಯಂತ್ರ ನೋಡಿಕೊಳ್ಳುತ್ತಿದ್ದವರಿಗೆ ಇಷ್ಟವಿರಲಿಲ್ಲ, ಸೂಕ್ಷ್ಮ ರಂಧ್ರಗಳು ಕಟ್ಟಿಕೊಂಡಾವು ಅನ್ನೋ ಭಯ. ಕ್ವೊಲೆಕ್ ಹಟ ಬಿಡಲಿಲ್ಲ. ಬಂದ ನೂಲು ಎಳೆದರೆ ಹರಿಯಲೊಲ್ಲದು. ಅದೇ ಕೆವ್ಲಾರ್ ಆಯಿತು, ಅಷ್ಟೇ ತೂಕದ ಉಕ್ಕಿಗಿಂತ ಐದು ಪಟ್ಟು ಬಲ.

ಇಷ್ಟೆಲ್ಲ ನಾರು ಕೈಯಲ್ಲಿದ್ದೂ ಪಾಠ ಮತ್ತೆ ಕಲಿಯಬೇಕಾಯಿತು. 1999ರ ಜುಲೈ 23. ಕೊಲಂಬಿಯಾ ಬಾಹ್ಯಾಕಾಶ ನೌಕೆ ನೆಗೆಯಿತು. ಕಮಾಂಡರ್ ಐಲೀನ್ ಕಾಲಿನ್ಸ್, ಷಟಲ್ ಯಾನಕ್ಕೆ ನಾಯಕಿಯಾದ ಮೊದಲ ಮಹಿಳೆ. ಒಡಲಲ್ಲಿದ್ದದ್ದು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ದೂರದರ್ಶಕ. ಐದೇ ಸೆಕೆಂಡಿಗೆ ಶಾರ್ಟ್ ಸರ್ಕ್ಯೂಟ್. ಮೂರು ಎಂಜಿನ್‌ಗಳಲ್ಲಿ ಎರಡರ ಒಂದೊಂದು ನಿಯಂತ್ರಕ ಕಂಪ್ಯೂಟರ್ ಸ್ಥಗಿತ. ಪ್ರತಿ ಎಂಜಿನ್ನಿಗೂ ಇನ್ನೊಂದು ಇದ್ದದ್ದರಿಂದ ಬಚಾವಾದರು. ಕಾರಣ ಏನು ಗೊತ್ತಾ? ಒಂದು ಸ್ಕ್ರೂ. ಅದರ ತಲೆಯ ಒರಟು ಅಂಚಿಗೆ ತಂತಿ ಉಜ್ಜಿ ಉಜ್ಜಿ ತೊಗಟೆ ಕಿತ್ತುಹೋಗಿತ್ತು. ಎಲ್ಲ ನೌಕೆಗಳ ಹಾರಾಟ ನಿಲ್ಲಿಸಿ ವೈರಿಂಗ್ ತಪಾಸಣೆ ಮಾಡಿದರು, ಸವೆಯುವ ಜಾಗಗಳಲ್ಲಿ ರಕ್ಷಣಾ ಹೊದಿಕೆ ಹಾಕಿದರು. ಮುಂದಿನ ಷಟಲ್ ಹಾರಿದ್ದು ಡಿಸೆಂಬರ್‌ನಲ್ಲಿ.

ಕೊಲಂಬಿಯಾದ ಸ್ಕ್ರೂ ನಿಧಾನವಾಗಿ ಉಜ್ಜಿತ್ತು. ಮರುವರ್ಷ ಪ್ಯಾರಿಸ್ ಬಳಿ ಪೆಟ್ಟು ಒಂದೇ ಕ್ಷಣದಲ್ಲಿ ಬಿತ್ತು, ಬಚಾವಾಗೋ ಭಾಗ್ಯ ಇರಲಿಲ್ಲ. 2000ದ ಜುಲೈ 25. ಕಾಂಕಾರ್ಡ್ ವಿಮಾನದ ಟೈರ್, ರನ್‌ವೇ ಮೇಲೆ ಬಿದ್ದಿದ್ದ ಲೋಹದ ಪಟ್ಟಿಯ ಮೇಲೆ ಹರಿದು ಛಿದ್ರವಾಯಿತು. ಟೈರಿನ ದೊಡ್ಡ ಚೂರು ರೆಕ್ಕೆಯಡಿಯ ಇಂಧನ ಟ್ಯಾಂಕಿಗೆ ಬಡಿಯಿತು. ಇಂಧನ ಸುರಿಯಿತು, ಹೊತ್ತಿಕೊಂಡಿತು. ವಿಮಾನದಲ್ಲಿದ್ದ 109 ಜನ, ನೆಲದ ಮೇಲಿದ್ದ 4 ಜನ ಸತ್ತರು. ಕಿಡಿ ಎಲ್ಲಿಂದ? ಚಕ್ರದ ಗೂಡಿನಲ್ಲಿ ಪೆಟ್ಟು ತಿಂದ ವಿದ್ಯುತ್ ಕೇಬಲ್, ಇಲ್ಲವೇ ಎಂಜಿನ್ನಿನ ಬಿಸಿ ಭಾಗ, ಈ ಎರಡು ಸಾಧ್ಯತೆಗಳನ್ನು ತನಿಖೆ ಪರಿಶೀಲಿಸಿತು. ಕಾಂಕಾರ್ಡ್ ಮತ್ತೆ ಹಾರುವ ಮುನ್ನ ಮಾಡಿದ ಬದಲಾವಣೆಗಳಲ್ಲಿ ಮೂರು ಮುಖ್ಯ: ಹೊಸ ಬಗೆಯ ಟೈರ್, ಟ್ಯಾಂಕಿನೊಳಗೆ ಕೆವ್ಲಾರ್ ಅಸ್ತರಿ, ಚಕ್ರದ ಗೂಡಿನ ಕೇಬಲ್ಲುಗಳಿಗೆ ಬಲವಾದ ಹೊದಿಕೆ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ, ಯಂತ್ರಗಳ ಜೊತೆ ಕೆಲಸ ಮಾಡೋ ಕೇಳುಗರಿಗಾಗಿ. ಜೆಸಿಬಿಯ ಕೊಳವೆಯಲ್ಲಿ ಓಡೋದು ಭಾರೀ ಒತ್ತಡದ ಎಣ್ಣೆ. ಸೂಜಿಮೊನೆಯಷ್ಟು ತೂತಾದರೂ ಸಾಕು, ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತೆ. ಹೊರಗೆ ಕಾಣೋದು ಚಿಕ್ಕ ಚುಕ್ಕೆ, ನೋವೂ ಮೊದಲು ಹೆಚ್ಚಿರಲಿಕ್ಕಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ಅದಕ್ಕೇ ಸೋರಿಕೆಯನ್ನು ಎಂದೂ ಕೈ ಆಡಿಸಿ ಹುಡುಕಬಾರದು. ಹೊರಗಿನ ಬಟ್ಟೆ ಕಲ್ಲಿನ ಏಟನ್ನು ತಡೆಯೋದರ ಜೊತೆಗೆ, ಕೊಳವೆ ಸಿಡಿದಾಗ ಆ ಧಾರೆಯ ರಭಸ ಮುರಿದು ಪಕ್ಕದಲ್ಲಿರೋ ಮನುಷ್ಯನನ್ನೂ ಕಾಯುತ್ತೆ.

ಈ ಬಟ್ಟೆ ಎಳೆ ಬಿಟ್ಟಿದ್ದರೆ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಜೊತೆಗೆ, ಈ ಜಾಗದಲ್ಲಿ ಏನೋ ಉಜ್ಜುತ್ತಿದೆ, ಬಡಿಯುತ್ತಿದೆ ಅಂತ ಹೇಳ್ತಾ ಇದೆ. ಅದರ ಮೇಲೆ ಟೇಪ್ ಸುತ್ತಿ ಮುಚ್ಚಿದರೆ ಆ ಮಾತೂ ಮುಚ್ಚಿಹೋಗುತ್ತೆ. ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಉಜ್ಜುತ್ತಿರೋದು ಯಾವುದು ಅಂತ ಮೊದಲು ನೋಡಿ. ಬಟ್ಟೆ ಬದಲಾಯಿಸೋದು ಆಮೇಲಿನ ಕೆಲಸ.

ಮುಂದಿನ ಸಂಚಿಕೆಯಲ್ಲಿ ಮತ್ತೊಂದು ವಸ್ತುವಿನ ಕಥೆಯೊಂದಿಗೆ ಸಿಗ್ತೀನಿ.