ಕಕ್ಕಡದ ಮಂಕು, ಖಿನ್ನತೆಯ ಮರೆ: ಕೊಡಗಿನ ಮಳೆಗಾಲದಲ್ಲಿ ಮನೋರೋಗದ ಗುರುತು

ಋತುಮಾನದ ಖಿನ್ನತೆಯ ಆಧುನಿಕ ಚರ್ಚೆಗೆ ಬುನಾದಿ ಹಾಕಿದ್ದು 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ. ಚಳಿಗಾಲದಲ್ಲಿ ಹಗಲು ಕುಗ್ಗಿದಂತೆ ಕುಸಿದು, ವಸಂತದಲ್ಲಿ ಚೇತರಿಸಿಕೊಳ್ಳುವ ರೋಗಿಗಳನ್ನು ಅವರು ವಿವರಿಸಿದರು. ಅವರ ಕೆಲಸ ನಡೆದ ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಐದು ಗಂಟೆಗಿಂತ ಹೆಚ್ಚಿನ ಅಂತರವಿದೆ. ಕೊಡಗಿರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಆ ಅಂತರ ಒಂದೂವರೆ ಗಂಟೆ ಮಾತ್ರ. ಮೇಲಾಗಿ ಇಲ್ಲಿ ಬೇಸರದ ಕಾಲವೆನಿಸಿಕೊಂಡಿರುವ ಕೊಡವ ತಿಂಗಳು ಕಕ್ಕಡ ಬರುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಗಲು ಇನ್ನೂ ಉದ್ದವಾಗಿರುವಾಗಲೇ. ಆದ್ದರಿಂದ ಮೇರಿಲ್ಯಾಂಡಿನ ವಿವರಣೆಯನ್ನು ಹಾಗೇ ತಂದು ಮಡಿಕೇರಿಗೆ ಅಂಟಿಸಲಾಗದು.

ಇಲ್ಲಿ ಬೆಳಕನ್ನು ಕಸಿಯುವುದು ಮೋಡ. ಬಿಸಿಲಿನ ದಿನ ಹೊರಗೆ 50,000 ಲಕ್ಸ್‌ಗೂ ಮೀರಿ ಬೆಳಕಿರುತ್ತದೆ; ದಟ್ಟ ಮೋಡ ಕವಿದಾಗ ಅದು ಕೆಲವೇ ಸಾವಿರಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ದಪ್ಪ ಗೋಡೆ, ಸಣ್ಣ ಕಿಟಕಿಯ ಹಳೆಯ ಮನೆಯೊಳಗೆ ಕೆಲವು ನೂರು ಲಕ್ಸ್ ಸಿಕ್ಕಿದರೆ ಪುಣ್ಯ. ಬೆಳಕಿನ ಜೊತೆಗೆ ಉಳಿದವೂ ಕೈಕೊಡುತ್ತವೆ: ಮರ ಬಿದ್ದು ಕರೆಂಟ್ ಹೋಗುತ್ತದೆ, ತೋಟದಲ್ಲಿ ಕಾಫಿಕಾಯಿ ಉದುರುತ್ತದೆ, ಲೈನ್ ಮನೆಗಳ ತೋಟ ಕಾರ್ಮಿಕರಿಗೆ ಕೂಲಿ ತಪ್ಪುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ತಿಳಿಯಲು ಕೊಡಗಿಗಿಂತ ಒಳ್ಳೆಯ ಕ್ಷೇತ್ರ ಸಿಗದು. ಭಾಗಮಂಡಲದ ಕಡೆ ವರ್ಷಕ್ಕೆ ಸುಮಾರು 6,000 ಮಿ.ಮೀ. ಮಳೆ ಬಿದ್ದರೆ, ಅದೇ ಜಿಲ್ಲೆಯ ಕುಶಾಲನಗರದಲ್ಲಿ ಅದರ ಒಂದು ಸಣ್ಣ ಪಾಲಷ್ಟೇ ಬೀಳುತ್ತದೆ.

ಕೊಡವ ಪದ್ಧತಿ ಈ ತಿಂಗಳನ್ನು ಸುಮ್ಮನೆ ಬಿಟ್ಟಿಲ್ಲ. ಕಕ್ಕಡದಲ್ಲಿ ಮದುವೆ ಮುಂತಾದ ಶುಭಕಾರ್ಯಗಳಿಲ್ಲ. ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್. ಕಕ್ಕಡದ ಹದಿನೆಂಟರಂದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿ ಇಳಿದಿರುತ್ತದೆಂಬ ನಂಬಿಕೆಯನ್ನು ಖಿನ್ನತೆಯ ಚಿಕಿತ್ಸೆಯೆಂದು ನಾನು ಎತ್ತಿಹಿಡಿಯಲಾರೆ. ಆದರೆ ಸೊಪ್ಪು ತರುವುದು, ಬೇಯಿಸುವುದು, ನೆರೆಮನೆಗೆ ಕಳಿಸುವುದು ಎಂಬ ಕ್ರಮವಿದೆಯಲ್ಲ, ಅದು ಚಿಕಿತ್ಸಕರು ಹೇಳುವ ಚಟುವಟಿಕೆಯ ಮರುಜೋಡಣೆಗೆ ಬಹಳ ಹತ್ತಿರ. ಹುರುಪು ಬರಲಿ ಎಂದು ಕಾಯದೆ ಕೆಲಸಕ್ಕಿಳಿದರೆ ಹುರುಪು ಹಿಂದಿನಿಂದ ಬರಬಹುದು. ಮಕ್ಕಳೆಲ್ಲ ಬೆಂಗಳೂರು ಸೇರಿ, ಪಾಯಸ ಕಳಿಸಲು ನೆರೆಯೇ ಇಲ್ಲದ ವೃದ್ಧರಿಗೆ ಈ ಕ್ರಮದ ಆಸರೆ ಈಗ ತೆಳುವಾಗಿದೆ.

ನನ್ನ ಮುಖ್ಯ ಆಕ್ಷೇಪ ಬೇರೆ ಇದೆ. ಮಳೆಯನ್ನು ಕಾರಣವೆಂದು ಒಪ್ಪಿಕೊಳ್ಳುವ ಈ ಸಹನೆಯೇ ನಿಜವಾದ ಖಿನ್ನತೆಗೆ ಮರೆಯಾಗುತ್ತದೆ. ನಾಪೋಕ್ಲು ಕಡೆಯ ಅರವತ್ತು ದಾಟಿದ ಬೆಳೆಗಾರರೊಬ್ಬರನ್ನು ಕಲ್ಪಿಸಿಕೊಳ್ಳಿ. ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೂತವರು ಎದ್ದು ತೋಟದ ಚರಂಡಿ ನೋಡಿಲ್ಲ. ಕೂತಲ್ಲಿಂದಲೇ ಕಾಣುವ ಮೆಣಸಿನ ಬಳ್ಳಿ ಹಳದಿಯಾಗುತ್ತಿದೆ, ಅದೂ ಬೇಡ. ರಾತ್ರಿ ಎಂಟಕ್ಕಿದ್ದ ಪೆಗ್ಗು ಸಂಜೆ ನಾಲ್ಕಕ್ಕೆ ಬಂದಿದೆ. ಮಗಳು ಫೋನ್ ಮಾಡಿದರೆ, "ಏನಿಲ್ಲ ಮಗಳೇ, ಮಳೆ ಅಲ್ವಾ" ಎನ್ನುತ್ತಾರೆ. ವೈದ್ಯರ ಮುಂದೆ ಹೇಳುವುದು ಗ್ಯಾಸ್ಟ್ರಿಕ್, ಸೊಂಟನೋವು, ನಿದ್ರೆ ಇಲ್ಲ, ಇಷ್ಟೇ. ಪೆಗ್ಗಿನಿಂದ ನಿದ್ರೆ ಬಂದಂತೆ ಕಂಡರೂ ನಡುರಾತ್ರಿ ಎಚ್ಚರವಾಗುತ್ತದೆ, ಮನಸ್ಸು ಇನ್ನಷ್ಟು ಕೆಳಗಿಳಿಯುತ್ತದೆ.

ಬೇಸರವೋ ರೋಗವೋ ಎಂದು ಬೇರ್ಪಡಿಸಲು ಒಪ್ಪಿತ ಅಳತೆಗಳಿವೆ. ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಇದ್ದು, ನಿದ್ರೆ, ಹಸಿವು, ಆಯಾಸ, ಏಕಾಗ್ರತೆ, ತಪ್ಪಿತಸ್ಥ ಭಾವ, ಚಲನೆಯ ಜಡತೆ ಅಥವಾ ಚಡಪಡಿಕೆ, ಸಾವಿನ ಯೋಚನೆ ಎಲ್ಲವೂ ಸೇರಿದ ಒಂಬತ್ತು ಲಕ್ಷಣಗಳಲ್ಲಿ ಐದು ಎರಡು ವಾರ ಕಾಡಿ, ದಿನದ ಬದುಕು ಕೆಟ್ಟರೆ ಅದು ಖಿನ್ನತೆ. ಋತುಮಾನದ್ದು ಎನ್ನಬೇಕಾದರೆ ಸತತ ಎರಡು ವರ್ಷ ಅದೇ ಕಾಲಕ್ಕೆ ಬಂದು, ಕಾಲ ಸರಿದಾಗ ಪೂರ್ತಿ ಬಿಟ್ಟುಹೋಗಬೇಕು. ನಡುವೆ ಬೇರೆ ಕಾಲದಲ್ಲಿ ಬಂದಿರಬಾರದು. ಕೈಲ್‌ಪೊಳ್ದ್ ಕಳೆದು, ಸುಗ್ಗಿಯ ಹಬ್ಬ ಪುತ್ತರಿಗೂ ಮುಖ ಅರಳದಿದ್ದರೆ ಮಳೆಯನ್ನು ದೂರುವುದು ನಿಲ್ಲಬೇಕು. ಹಾಗೆಂದು ಪುತ್ತರಿಯವರೆಗೆ ಕಾಯಬೇಕೆಂದಲ್ಲ; ಸಾವಿನ ಮಾತು ಬಂದರೆ ಅಂದೇ ನೆರವು ಬೇಕು.

2018ರ ಆಗಸ್ಟ್ ಈ ಲೆಕ್ಕವನ್ನು ಜಟಿಲಗೊಳಿಸಿತು. ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಕುಸಿದವು. 2019ರಲ್ಲಿ ತೋರದಲ್ಲಿ ಕುಸಿತ, 2020ರಲ್ಲಿ ತಲಕಾವೇರಿಯ ಅರ್ಚಕರ ಮನೆ ಮಣ್ಣುಪಾಲು. ಇಂಥ ಅನುಭವ ಕಂಡವರಿಗೆ ರಾತ್ರಿಯ ಮಳೆಸದ್ದು ಬೇಸರ ತರುವುದಿಲ್ಲ, ಎದೆ ನಡುಗಿಸಬಹುದು. ಆ ಭಯಕ್ಕೆ ಬೆಳಕಿನ ಚಿಕಿತ್ಸೆ ಮದ್ದಲ್ಲ. 2018ರಲ್ಲಿ ನಿಮ್ಹಾನ್ಸ್ ತಂಡಗಳು ಬಂದು ಸಂತ್ರಸ್ತರಿಗೆ ಮನೋಸಾಮಾಜಿಕ ನೆರವು ಕೊಟ್ಟವು. ಆದರೆ ಇಂಥ ಭಯ ಪ್ರತಿ ಆಗಸ್ಟಿಗೂ ಮರಳಬಹುದು. ಪರಿಹಾರ ಕೇಂದ್ರ ಮುಚ್ಚಿದ ದಿನಕ್ಕೆ ನೆರವೂ ಮುಗಿಯುವಂತಿಲ್ಲ.

ಚಿಕಿತ್ಸೆಯ ಮಾತು ಸರಳ. 10,000 ಲಕ್ಸ್ ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರುವ ವಿಧಾನಕ್ಕೆ ಆಧಾರವಿರುವುದು ಹೆಚ್ಚಾಗಿ ಚಳಿಗಾಲದ ಖಿನ್ನತೆಯಲ್ಲಿ. ಹಿಂದೆ ಉನ್ಮಾದ ಬಂದವರಂತೂ ವೈದ್ಯರನ್ನು ಕೇಳದೆ ಹಚ್ಚಬಾರದು. ಮಳೆ ಬಿಡುವು ಕೊಟ್ಟಾಗ ಕೊಪ್ಪೆ ಹೊದ್ದು ಹೊರಗೆ ಒಂದು ಸುತ್ತು, ಏಳುವ ಹೊತ್ತು ಬದಲಾಗದಂತೆ ನೋಡಿಕೊಳ್ಳುವುದು, ಕುಡಿತಕ್ಕೆ ಕಡಿವಾಣ: ಸೌಮ್ಯ ಹಂತಕ್ಕೆ ಇವು ನೆರವಾಗುತ್ತವೆ. ಥೈರಾಯ್ಡ್, ರಕ್ತಹೀನತೆ ಪರೀಕ್ಷೆಯೂ ಆಗಲಿ. ಅದಕ್ಕಿಂತ ಮುಂದುವರಿದ ಹಂತಕ್ಕೆ ಮಾತಿನ ಚಿಕಿತ್ಸೆ, ಮಾತ್ರೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಚೇತರಿಸಿದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯುಳ್ಳವರಲ್ಲಿ ಶೇಕಡಾ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2022ರಿಂದ ಟೆಲಿ ಮಾನಸ್‌ನ 14416 ಸಹಾಯವಾಣಿ ಇದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆದರೆ ಕರೆಂಟಿನ ಜೊತೆ ಟವರೂ ಸತ್ತ ವಾರದಲ್ಲಿ ಆ ಸಂಖ್ಯೆ ಯಾರಿಗೂ ಒದಗದು. ಹಾಗಾಗಿ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆ ಆಶಾ ಕಾರ್ಯಕರ್ತೆಯ ಚೀಲದಲ್ಲಿರಬೇಕು. ಕಕ್ಕಡದಲ್ಲೊಮ್ಮೆ, ಪುತ್ತರಿಯ ಹೊತ್ತಿಗೊಮ್ಮೆ ಅದೇ ಮನೆಗಳಲ್ಲಿ ಅವೇ ಪ್ರಶ್ನೆ ಕೇಳಬೇಕು. ಲೈನ್ ಮನೆಗಳು ಮೊದಲಾಗಲಿ.