ಇಚಲಕರಂಜಿಯ ಬಿಲ್ಲು, ಮೊಬೈಲಿನ ಕ್ಯಾಲೆಂಡರ್: ಸಣ್ಣ ವ್ಯಾಪಾರಿಗೆ ದಿನಾಂಕದ ಲೆಕ್ಕ

ಕರಾವಳಿಯ ಜವುಳಿ ಅಂಗಡಿಗಳಿಗೆ ಶರ್ಟಿಂಗ್, ಪಾಪ್ಲಿನ್, ಧೋತಿ ಬಟ್ಟೆ ಬರುವ ಊರುಗಳಲ್ಲಿ ಇಚಲಕರಂಜಿಯೂ ಒಂದು. ಪಂಚಗಂಗಾ ನದಿ ದಂಡೆಯ ಈ ಊರಿಗೆ ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಅಂತ ಹೆಸರು. 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಇವತ್ತು ಓಣಿ ಓಣಿಯಲ್ಲೂ ಮಗ್ಗದ ಸದ್ದು. ಹತ್ತಿರದ ಕೊಲ್ಲಾಪುರದಿಂದ ಚಪ್ಪಲಿ ಮತ್ತು ಬೆಲ್ಲ, ಗಡಿಯಂಚಿನ ಗಡಹಿಂಗ್ಲಜದಿಂದ ಸಂಕೇಶ್ವರಿ ಮೆಣಸಿನಕಾಯಿ ಬರುತ್ತದೆ. ಗಡಹಿಂಗ್ಲಜದ ಪೇಟೆಯಲ್ಲಿ ಕನ್ನಡದಲ್ಲೇ ವ್ಯವಹಾರ ಮುಗಿಸಬಹುದು, ಮರಾಠಿ ಬಾರದವನಿಗೂ ತೊಂದರೆ ಇಲ್ಲ.

ಈ ವ್ಯಾಪಾರ ಬಹುಕಾಲ ಬಾಯಿಮಾತಿನ ಮೇಲೆ ನಡೆದದ್ದು. ‘ಮಾಲು ಕಳಿಸಿ, ದುಡ್ಡು ಎರಡು ಮೂರು ತಿಂಗಳಲ್ಲಿ ಕೊಡ್ತೇನೆ’ ಅಂದರೆ ಸಾಕಿತ್ತು. ಮನೆಯವರು ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಎಲ್ಲ ಗೋಡೆಯ ಕ್ಯಾಲೆಂಡರಿನಲ್ಲೇ ಗೀಚುತ್ತಿದ್ದರು. ಆ ಕಡೆಯ ಮನೆಗಳಲ್ಲಿ ಅದು ಹೆಚ್ಚಾಗಿ ಕಾಲನಿರ್ಣಯ. 1973ರಲ್ಲಿ ಜಯಂತರಾವ್ ಸಾಳಗಾಂವ್ಕರ್ ಶುರು ಮಾಡಿದ ಅದು ಕನ್ನಡದಲ್ಲೂ ಬರುತ್ತದೆ. ಗೋಡೆಯ ಕ್ಯಾಲೆಂಡರಿಗೆ ಒಂದೇ ಕೊರತೆ: ಅದು ಕರೆದು ಹೇಳುವುದಿಲ್ಲ, ನಾವೇ ಹೋಗಿ ನೋಡಬೇಕು. ಬಾಯಿಮಾತಿನ ಕಾಲದಲ್ಲಿ ಅಷ್ಟೇ ಸಾಕಾಗುತ್ತಿತ್ತು. ಈಗ ಒಂದೊಂದು ಬಿಲ್ಲಿಗೂ ಕಾನೂನೇ ದಿನಾಂಕ ಕಟ್ಟಿದೆ.

ಮುಖ್ಯವಾದದ್ದು ಆದಾಯ ತೆರಿಗೆಯ 43ಬಿ(ಎಚ್) ಕಲಂ. 2023-24ರ ಲೆಕ್ಕದಿಂದ ಇದು ಜಾರಿಗೆ ಬಂತು. ಉದ್ಯಮ್ ನೋಂದಣಿ ಇರುವ ಮೈಕ್ರೋ ಅಥವಾ ಸ್ಮಾಲ್ ತಯಾರಕನಿಂದ ಮಾಲು ತಗೊಂಡರೆ, ಲಿಖಿತ ಒಪ್ಪಂದ ಇಲ್ಲದಿದ್ದಲ್ಲಿ 15 ದಿನದೊಳಗೆ, ಇದ್ದಲ್ಲಿ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಗಡುವು ದಾಟಿ, ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ಖರೀದಿ ಆ ವರ್ಷದ ಖರ್ಚಿನಲ್ಲಿ ಬರುವುದಿಲ್ಲ. ಕೊಟ್ಟ ವರ್ಷದಲ್ಲಿ ಮಾತ್ರ ಸಿಗುತ್ತದೆ.

ಉದಾಹರಣೆಗೆ, ಜನವರಿ 10ಕ್ಕೆ 2 ಲಕ್ಷದ ಬಟ್ಟೆ ಅಂಗಡಿಗೆ ಬಂತು ಅಂದುಕೊಳ್ಳಿ. ಬರಹದ ಒಪ್ಪಂದ ಇಲ್ಲದಿದ್ದರೆ ಗಡುವು ಜನವರಿ 25, ಇದ್ದರೆ ಫೆಬ್ರವರಿ 24. ಹಣ ಕೊಟ್ಟದ್ದು ಏಪ್ರಿಲ್ 5ಕ್ಕೆ. ಆ 2 ಲಕ್ಷ ಆ ವರ್ಷದ ಲಾಭಕ್ಕೆ ಸೇರಿತು. ಶೇ. 30ರ ಸ್ಲ್ಯಾಬಿನಲ್ಲಿ ಇರುವವನಿಗೆ 60 ಸಾವಿರ ತೆರಿಗೆ ಆಗಲೇ ಕಟ್ಟುವ ಪಾಳಿ, ಸೆಸ್ ಬೇರೆ. ಮುಂದಿನ ವರ್ಷ ಸರಿ ಹೋಗಬಹುದು, ಆದರೆ ಸಣ್ಣ ಅಂಗಡಿಗೆ ಒಂದು ವರ್ಷ ಆ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಸಣ್ಣ ಮಾತಲ್ಲ. ಮಗ್ಗದವನ ಕಡೆಯಿಂದ ನೋಡಿದರೆ ಕಾನೂನು ನ್ಯಾಯವೇ. ಅವನು ನೂಲಿನ ದುಡ್ಡು ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಮಾರಿದವನು ತಯಾರಕನಲ್ಲ, ಬರೀ ಟ್ರೇಡರ್ ಆಗಿದ್ದರೆ ಈ ಕಲಂ ತಾಗುವುದಿಲ್ಲ. ಹಾಗಾಗಿ ಮೊದಲ ಆರ್ಡರಿಗೇ ಉದ್ಯಮ್ ಸರ್ಟಿಫಿಕೇಟಿನ ಪ್ರತಿ ಕೇಳಿ ಇಟ್ಟುಕೊಳ್ಳಬೇಕು.

ಅದೇ ಬಿಲ್ಲಿಗೆ ಇನ್ನೊಂದು ದಿನಾಂಕವೂ ಇದೆ. ಬಿಲ್ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ, ತಗೊಂಡ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು.

ಇಲ್ಲಿ ಮೊಬೈಲಿನ ಕ್ಯಾಲೆಂಡರ್ ಕೆಲಸಕ್ಕೆ ಬರುತ್ತದೆ. ಗೂಗಲ್ ಕ್ಯಾಲೆಂಡರ್ 2006ರಿಂದ ಇದೆ, ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಮೊದಲೇ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಮಾಲು ಇಳಿದ ದಿನವೇ ಗಡುವಿನ ದಿನಕ್ಕೆ ‘ಆಲ್ ಡೇ’ ಎಂಟ್ರಿ ಹಾಕಿ, ಶೀರ್ಷಿಕೆಯಲ್ಲಿ ಪಾರ್ಟಿ ಹೆಸರು, ಬಿಲ್ ನಂಬರ್, ಮೊತ್ತ ಬರೆಯಬೇಕು. ನೋಟಿಫಿಕೇಶನ್ ಎರಡು ಇರಲಿ: ಒಂದು ವಾರ ಮೊದಲು ದುಡ್ಡು ಹೊಂದಿಸಲಿಕ್ಕೆ, ಹಿಂದಿನ ದಿನ ಕಳಿಸಲಿಕ್ಕೆ. ಗಡುವಿನ ದಿನ ಬೆಳಿಗ್ಗೆ ಬರುವ ಒಂದೇ ನೋಟಿಫಿಕೇಶನ್ ನಂಬಿದವನಿಗೆ ಆ ದಿನ ಬ್ಯಾಂಕ್ ರಜೆ ಇದ್ದರೆ ಮುಗಿಯಿತು. 45 ದಿನ ಬೆರಳಲ್ಲಿ ಎಣಿಸುವುದು ಬೇಡ. ಎಕ್ಸೆಲ್ ಶೀಟಿನಲ್ಲಿ ದಿನಾಂಕಕ್ಕೆ 45 ಕೂಡಿಸಿದರೆ ಸರಿಯಾದ ತಾರೀಕು ಬರುತ್ತದೆ.

ಜಿಎಸ್‌ಟಿಯ ದಿನಾಂಕಗಳನ್ನು ಒಮ್ಮೆ ಹಾಕಿ ‘ರಿಪೀಟ್’ ಒತ್ತಿದರೆ ಸಾಕು. ತಿಂಗಳ ಫೈಲಿಂಗ್ ಇದ್ದವರಿಗೆ ಜಿಎಸ್‌ಟಿಆರ್-1 11ಕ್ಕೆ, 3ಬಿ 20ಕ್ಕೆ. 5 ಕೋಟಿವರೆಗಿನ ವಹಿವಾಟಿನವರು ತ್ರೈಮಾಸಿಕ ಆರಿಸಿಕೊಂಡಿದ್ದರೆ 13 ಮತ್ತು 22, ನಡುವಿನ ಎರಡು ತಿಂಗಳ ತೆರಿಗೆ 25ಕ್ಕೆ.

ಲಾರಿಯದ್ದು ಬೇರೆಯೇ ಲೆಕ್ಕ. 50 ಸಾವಿರ ಮೀರಿದ ಮಾಲಿಗೆ ಇ-ವೇ ಬಿಲ್ ಬೇಕು, ಪ್ರತಿ 200 ಕಿ.ಮೀ.ಗೆ ಒಂದು ದಿನ ಅವಧಿ. ಕೊಲ್ಲಾಪುರದಿಂದ ಮಂಗಳೂರಿಗೆ ದಾರಿ 400 ಕಿ.ಮೀ. ದಾಟುವುದರಿಂದ ಮೂರು ದಿನ ಸಿಗುತ್ತದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಲಾರಿ ನಿಂತರೆ ಮೂರು ದಿನವೂ ಕಮ್ಮಿಯೇ. ಅವಧಿ ಮುಗಿಯುವುದು ಮಧ್ಯರಾತ್ರಿಗೆ. ಅದಕ್ಕೆ ಎಂಟು ಗಂಟೆ ಮೊದಲು ಅಥವಾ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಬಹುದು. ಕೊನೆಯ ದಿನ ಸಂಜೆ 4ಕ್ಕೆ ಅಲಾರಂ ಇಟ್ಟರೆ ದಂಡ ತಪ್ಪುತ್ತದೆ.

ಹಬ್ಬದ ದಿನಾಂಕದಲ್ಲಿ ಮಾತ್ರ ಆ್ಯಪನ್ನು ಕಣ್ಣುಮುಚ್ಚಿ ನಂಬಬಾರದು. ಅದರ ರಜಾ ಪಟ್ಟಿ ಲೆಕ್ಕದಿಂದ ಬಂದದ್ದು, ಹಬ್ಬ ಬರುವುದು ಚಂದ್ರದರ್ಶನದಿಂದ. 2024ರಲ್ಲಿ ಕೇರಳದ ಜೊತೆ ಕರಾವಳಿಯಲ್ಲಿ ಏಪ್ರಿಲ್ 10ಕ್ಕೇ ಈದ್ ಆಯಿತು, ಮಹಾರಾಷ್ಟ್ರದಲ್ಲಿ 11ಕ್ಕೆ. ಒಂದು ದಿನದ ಈ ವ್ಯತ್ಯಾಸ ಹಬ್ಬದ ಮಾಲಿನ ಕೊನೆಯ ಲೋಡಿಗೆ ದೊಡ್ಡದೇ. ಹಿಜರಿ ವರ್ಷ 354 ಅಥವಾ 355 ದಿನದ್ದಾದ ಕಾರಣ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಕಳೆದ ವರ್ಷದ ಆರ್ಡರ್ ತಾರೀಕಿಗೆ ‘ರಿಪೀಟ್’ ಒತ್ತಿದರೆ ಎರಡು ಮೂರು ವರ್ಷದಲ್ಲಿ ಹಬ್ಬ ಮುಗಿದ ಮೇಲೆ ಮಾಲು ಬರುತ್ತದೆ! ಶಾಲೆಯ ಯೂನಿಫಾರ್ಮ್ ಬಟ್ಟೆಗೆ, ಮಳೆ ಹಿಡಿಯುವ ಮೊದಲು ಚರ್ಮದ ಚಪ್ಪಲಿಯ ಆರ್ಡರ್ ನಿಲ್ಲಿಸಲಿಕ್ಕೆ ವರ್ಷದ ರಿಪೀಟ್ ಸರಿ.

ಇಂಟರ್‌ನೆಟ್ಟಿನಲ್ಲಿ ಹೇಳುವ ಹಾಗೆ ದಿನದ ಪ್ರತಿ ಗಂಟೆಗೂ ಬಣ್ಣ ಹಚ್ಚಿ ಇಡುವುದು ಅಂಗಡಿಯವನಿಗೆ ಆಗುವ ಕೆಲಸವಲ್ಲ. ಗಿರಾಕಿ ಬಂದಾಗ ಬರುತ್ತಾನೆ. ಹಾಗೆ ಶುರು ಮಾಡಿದವರು ಹೆಚ್ಚಾಗಿ ವಾರದಲ್ಲಿ ಬಿಟ್ಟುಬಿಡುತ್ತಾರೆ. ತಾರೀಕು ಇರುವ ಕೆಲಸಗಳಷ್ಟೇ ಅದರಲ್ಲಿ ಇರಲಿ: ಮಕ್ಕಳ ಫೀಸು, ತಾಯಿಯ ಆಸ್ಪತ್ರೆ ಭೇಟಿ, ಗಾಡಿಯ ಇನ್ಶೂರೆನ್ಸ್, ಸಂಘದ ಮೀಟಿಂಗ್.

ಗಲ್ಫಿನಲ್ಲಿರುವ ಅಣ್ಣತಮ್ಮಂದಿರು ಪಾಲುದಾರರಾಗಿದ್ದರೆ ‘ಅಂಗಡಿ’ ಅಂತ ಬೇರೆ ಕ್ಯಾಲೆಂಡರ್ ಮಾಡಿ ಅವರ ಜೀಮೇಲಿಗೆ ಹಂಚಬಹುದು. ಇದನ್ನು ಕಂಪ್ಯೂಟರಿನಲ್ಲಿ ತೆರೆದು ಸೆಟ್ಟಿಂಗ್ಸಿನಲ್ಲಿ ಮಾಡಬೇಕು. ಬರೀ ನೋಡುವ ಅನುಮತಿಯೋ, ತಿದ್ದುವ ಅನುಮತಿಯೋ ಅಂತ ಅಲ್ಲೇ ಆರಿಸಬೇಕು. ಇಲ್ಲಿ ಬೆಳಿಗ್ಗೆ 9ಕ್ಕೆ ಹಾಕಿದ್ದು ದುಬೈಯಲ್ಲಿ 7.30 ಅಂತ ತಾನಾಗಿಯೇ ತೋರಿಸುತ್ತದೆ. ಎಂಟ್ರಿಗಳು ಫೋನಿನಲ್ಲಲ್ಲ, ಜೀಮೇಲ್ ಖಾತೆಯಲ್ಲಿ ಉಳಿಯುತ್ತಿವೆಯಾ ಎಂದು ಮೊದಲೇ ನೋಡಬೇಕು, ಇಲ್ಲವಾದರೆ ಫೋನ್ ಕಳೆದ ದಿನ ಲೆಕ್ಕವೂ ಹೋಗುತ್ತದೆ. ಕೆಲವು ಫೋನುಗಳಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ನೋಟಿಫಿಕೇಶನನ್ನೇ ತಡೆಯುತ್ತದೆ. ಐದು ನಿಮಿಷದ ನಂತರದ ಒಂದು ಸುಳ್ಳು ಎಂಟ್ರಿ ಹಾಕಿ, ಫೋನ್ ಕೆಳಗಿಟ್ಟು, ಸದ್ದು ಬರುತ್ತದಾ ಅಂತ ಕಾದು ನೋಡುವುದು ಒಳ್ಳೆಯದು.