ಊರಿನ ಬೇನೆಯಿಂದ ಮನೆಯ ಬೇನೆಗೆ: ಆಯುರ್ಮಾನದ ಏರಿಕೆ ಮತ್ತು ಜನಪದ ರೋಗಕಲ್ಪನೆ

ಕನ್ನಡ ಜನಪದರ ರೋಗಕಲ್ಪನೆ ಬಹುಮಟ್ಟಿಗೆ ಸಾಮುದಾಯಿಕವಾದುದು. ಸಿಡುಬೆದ್ದ ಮನೆಯನ್ನು ಕುರಿತು ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪು, ತಂಬಿಟ್ಟಿನ ಆರತಿ, ಮಾರಿಯನ್ನು ಗಡಿ ದಾಟಿಸುವ ವಿಧಿ ಇವುಗಳಲ್ಲಿ ಊರಿಗೆ ಊರೇ ಪಾಲ್ಗೊಳ್ಳುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಆ ಹೊಸ ರೋಗಕ್ಕೂ ಮಾರಮ್ಮನ ರೂಪ ದೊರೆಯಿತು. ಪ್ಲೇಗಿನಮ್ಮನ ಗುಡಿಗಳು ಇಂದಿಗೂ ಉಳಿದಿವೆ. ಹಳ್ಳಿಗರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಧ್ಯ ಕರ್ನಾಟಕದ ಕೆಲವೆಡೆ ಇಂದಿಗೂ ನಡೆಯುವ ‘ಹೊರಬೀಡು’ ಇಂತಹ ವಲಸೆಯನ್ನೇ ನೆನಪಿಸುತ್ತದೆ.

1941-51ರ ದಶಕದಲ್ಲಿ ಭಾರತೀಯರ ಸರಾಸರಿ ಆಯುರ್ಮಾನ ಸುಮಾರು 32 ವರ್ಷಗಳಾಗಿತ್ತು. ಆಗ ಮುದುಕರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಶಿಶುಮರಣದ ಆಧಿಕ್ಯವೇ ಸರಾಸರಿಯನ್ನು ತಗ್ಗಿಸಿತ್ತು. ಲಸಿಕೆ, ಶುದ್ಧ ನೀರು, ಔಷಧಿಗಳು ಈ ಸ್ಥಿತಿಯನ್ನು ಬದಲಿಸಿದವು. 1975ರ ಬಳಿಕ ಭಾರತದಲ್ಲಿ ಸಿಡುಬು ಕಾಣಿಸಿಕೊಂಡಿಲ್ಲ. 2016-20ರ ಮಾದರಿ ನೋಂದಣಿ ವ್ಯವಸ್ಥೆಯ ಅಂದಾಜಿನಲ್ಲಿ ಆಯುರ್ಮಾನ 70ನ್ನು ಮುಟ್ಟಿತು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಶೇ. 9.5.

ಇದರೊಡನೆ ಸಾವಿನ ಕಾರಣಗಳೂ ಪಲ್ಲಟಗೊಂಡವು. ದೇಶದ ಒಟ್ಟು ಸಾವುಗಳಲ್ಲಿ ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಬೇನೆ, ಮಧುಮೇಹ, ಕ್ಯಾನ್ಸರ್ ಮುಂತಾದ ಅಸಾಂಕ್ರಾಮಿಕ ರೋಗಗಳ ಪಾಲು 1990ರಲ್ಲಿ ಶೇ. 37.9 ಇದ್ದುದು 2016ರಲ್ಲಿ ಶೇ. 61.8ಕ್ಕೆ ಏರಿತೆಂದು ಅಂದಾಜಿಸಲಾಗಿದೆ.

‘ಸಕ್ಕರೆ ಕಾಯಿಲೆ’, ‘ಬಿಪಿ’ ಎಂಬ ಮಾತುಗಳು ಹಳ್ಳಿಯ ಆಡುನುಡಿಯಲ್ಲಿ ಸೇರಿಹೋಗಿವೆ. ಆದರೆ ಇವುಗಳ ಸುತ್ತ ಊರೊಟ್ಟಿನ ಆಚರಣೆ ಬೆಳೆದಂತೆ ಕಾಣದು. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ಪ್ರತಿಷ್ಠೆಯಾದುದನ್ನು ನೋಡಿದರೆ, ದೈವಗಳನ್ನು ಸೃಷ್ಟಿಸುವ ಶಕ್ತಿ ಬತ್ತಿಲ್ಲವೆಂಬುದು ಸ್ಪಷ್ಟ. ವ್ಯತ್ಯಾಸವಿರುವುದು ರೋಗದ ಸ್ವರೂಪದಲ್ಲಿ. ಸಾಂಕ್ರಾಮಿಕ ರೋಗಕ್ಕೆ ಬರುವ ದಿನವೂ ಹೋಗುವ ದಿನವೂ ಉಂಟು. ಆದುದರಿಂದ ಅದನ್ನು ಕರೆದು, ತಣಿಸಿ, ಸಾಗಹಾಕಬಹುದು. ದೀರ್ಘಕಾಲೀನ ರೋಗ ಸದ್ದಿಲ್ಲದೆ ಬಂದು ಮೈಯಲ್ಲೇ ನೆಲೆಸುತ್ತದೆ. ಅದನ್ನು ದಾಟಿಸಲು ಗಡಿಯಿಲ್ಲ.

ಹೀಗಾಗಿ ಊರು ಹೊರುತ್ತಿದ್ದ ಭಾರ ಮನೆಯ ಪಾಲಾಯಿತು. ಮನೆಯೊಳಗೆ ಹೆಚ್ಚಾಗಿ ಹೆಂಗಸರ ಪಾಲಾಯಿತು. ವೃದ್ಧರ ಸಾವನ್ನು ‘ವಯಸ್ಸಾಗಿತ್ತು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದರಿಂದ, ಚಿಕಿತ್ಸೆಯಿಂದ ಮುಂದೂಡಬಹುದಾಗಿದ್ದ ಸಾವೂ ಸಹಜವೆನಿಸಿಬಿಡುತ್ತದೆ. ಮಾರಿಯ ಹಾಡು, ಕಥೆಗಳನ್ನು ಸಂಗ್ರಹಿಸಿದ ಜಾನಪದ ಅಧ್ಯಯನವು ಹಿರಿಯರ ಈ ಮೌನ ರೋಗಗಳ ನಿರೂಪಣೆಗಳನ್ನೂ ದಾಖಲಿಸಬೇಕಾಗಿದೆ. ಇಲ್ಲವಾದರೆ ಗಳಿಸಿದ ವರ್ಷಗಳ ಚರಿತ್ರೆ ಕೇವಲ ಅಂಕಿಗಳಲ್ಲಿ ಉಳಿದೀತು. ಆ ವರ್ಷಗಳನ್ನು ಬಾಳಿದವರ ಅನುಭವ ಅದರಲ್ಲಿ ಇರಲಾರದು.